ಡೆಸೈಲ್ ಗ್ಲುಕೋಸೈಡ್ ನಿಜಕ್ಕೂ ಸೌಮ್ಯವೇ? ಓದುಗರ ಪ್ರಶ್ನೆಗಳಿಗೆ ರಸಾಯನಶಾಸ್ತ್ರ ತಜ್ಞರ ಉತ್ತರ

ಪ್ರಶ್ನೆ: ಮಾನ್ಯರೇ, ಕಲಬುರಗಿಯ ಹೊಸ ಬಡಾವಣೆಯೊಂದರಲ್ಲಿ ನಮ್ಮ ಮನೆಯಿದ್ದು, ಎಲ್ಲದಕ್ಕೂ ಬೋರ್‌ವೆಲ್ ನೀರೇ ಆಧಾರವಾಗಿದೆ. ಸ್ನಾನವಾದ ಕೂಡಲೇ ಮೈ ಬಿಗಿದಂತಾಗುತ್ತದೆ. ಚಳಿಗಾಲದಲ್ಲಿ ಕಾಲಿನ ಚರ್ಮ ಬೆಳ್ಳಗಾಗಿ ಹೊಟ್ಟು ಉದುರುತ್ತದೆ. ಔಷಧ ಅಂಗಡಿಯವರು ಸೋಪು ಬಿಡಿಸಿ, ಸಸ್ಯಮೂಲದ ಡೆಸೈಲ್ ಗ್ಲುಕೋಸೈಡ್ ಇರುವ ಬಾಡಿ ವಾಶ್ ಕೊಟ್ಟಿದ್ದಾರೆ. ಬೆಲೆ ಸೋಪಿಗಿಂತ ಬಹಳ ಹೆಚ್ಚು. ಅಷ್ಟು ಹಣ ಕೊಡುವಂಥ ಗುಣ ಅದರಲ್ಲಿದೆಯೇ?

ಉತ್ತರ: ನಿಮ್ಮ ತೊಂದರೆಯಲ್ಲಿ ನೀರಿನ ಪಾಲೂ ಇದೆ, ಸೋಪಿನ ಪಾಲೂ ಇದೆ. ಕಲಬುರಗಿ ಜಿಲ್ಲೆಯ ಒಂದು ಭಾಗದ ನೆಲದಡಿಯಲ್ಲಿ ದಖ್ಖನ್ನಿನ ಕಪ್ಪು ಶಿಲೆಯಿದ್ದರೆ, ಶಹಾಬಾದ್, ವಾಡಿ, ಸೇಡಂ ಕಡೆಗೆ ಸುಣ್ಣಕಲ್ಲಿನ ಪದರಗಳಿವೆ. ಇಂಥ ಕಲ್ಲಿನ ಸಂದುಗಳಲ್ಲಿ ಬಹುಕಾಲ ನಿಂತು ಮೇಲೆ ಬರುವ ನೀರು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡೇ ಬರುತ್ತದೆ. ನಿಮ್ಮ ಗೀಜರಿನ ಕಾಯಿಲ್ ಮೇಲೆ ಗಟ್ಟಿಯಾಗಿ ಕೂರುವ ಬಿಳಿ ಪದರ ಅದರದ್ದೇ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500ರ ಪ್ರಕಾರ ಗಡಸುತನವು ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲವೇ ಇಲ್ಲದಿದ್ದಾಗ 600ರವರೆಗೆ ಒಪ್ಪಬಹುದು. ನಿಮ್ಮ ಬೋರ್‌ವೆಲ್ಲಿನ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿಕೊಂಡರೆ ಮುಂದಿನ ನಿರ್ಧಾರಗಳೆಲ್ಲ ಸುಲಭವಾಗುತ್ತವೆ.

ಸೋಪು ಎಂದರೆ ಕೊಬ್ಬಿನಾಮ್ಲದ ಸೋಡಿಯಂ ಲವಣ. ಗಡಸು ನೀರಿನಲ್ಲಿ ಸೋಡಿಯಂ ಇದ್ದ ಜಾಗಕ್ಕೆ ಕ್ಯಾಲ್ಸಿಯಂ ಬಂದು ಕೂತಾಗ ನೀರಿನಲ್ಲಿ ಕರಗದ ಜಿಗುಟು ಪದಾರ್ಥವೊಂದು ಉಂಟಾಗುತ್ತದೆ. ಬಕೆಟ್ಟಿನ ಅಂಚಿಗೆ ಅಂಟುವುದೂ ಅದೇ, ಎಷ್ಟು ನೀರು ಸುರಿದರೂ ಮೈಯಿಂದ ಪೂರ್ತಿ ಹೋಗದೆ ಉಳಿಯುವುದೂ ಅದೇ. ಇದರ ಜೊತೆಗೆ ಸೋಪಿನ ಪಿಎಚ್ (ಆಮ್ಲ, ಕ್ಷಾರಗಳನ್ನು ಅಳೆಯುವ ಮಾನ; 7ಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ) 9ರಿಂದ 10ರಷ್ಟಿದ್ದು, ಆರೋಗ್ಯವಂತ ಚರ್ಮದ ಮೇಲ್ಮೈ ಪಿಎಚ್ ಸುಮಾರು 5ರ ಆಸುಪಾಸಿನಲ್ಲಿರುತ್ತದೆ. ದಿನವೂ ಈ ಕ್ಷಾರ ತಾಗುತ್ತಿದ್ದರೆ, ಚರ್ಮದ ಹೊರಪದರದಲ್ಲಿ ತೇವವನ್ನು ಹಿಡಿದಿಡುವ ಜಿಡ್ಡು ಕ್ಷೀಣಿಸುತ್ತದೆ.

ಡೆಸೈಲ್ ಗ್ಲುಕೋಸೈಡ್ ಸೋಪಲ್ಲ. ಅದು ಸರ್ಫ್ಯಾಕ್ಟಂಟ್, ಅಂದರೆ ಜಿಡ್ಡನ್ನೂ ನೀರನ್ನೂ ಒಂದುಗೂಡಿಸಿ ತೊಳೆದುಹೋಗುವಂತೆ ಮಾಡುವ ವಸ್ತುಗಳ ಗುಂಪಿಗೆ ಸೇರಿದ್ದು. ಗೋವಿನಜೋಳದಂಥ ಧಾನ್ಯದ ಪಿಷ್ಟದಿಂದ ಗ್ಲುಕೋಸ್ ಸಿಗುತ್ತದೆ. ತೆಂಗಿನ ಎಣ್ಣೆ ಅಥವಾ ತಾಳೆಬೀಜದ ಎಣ್ಣೆಯಿಂದ ಹತ್ತು ಕಾರ್ಬನ್‌ಗಳ ಕೊಬ್ಬಿನ ಆಲ್ಕೊಹಾಲ್ ಸಿಗುತ್ತದೆ. ಆಮ್ಲದ ಪ್ರೇರಣೆಯಲ್ಲಿ ಇವೆರಡನ್ನೂ ಬೆಸೆಯುವ ವಿಧಾನವನ್ನು ಜರ್ಮನಿಯ ರಸಾಯನಶಾಸ್ತ್ರಜ್ಞ ಎಮಿಲ್ ಫಿಷರ್ 1893ರಲ್ಲಿಯೇ ವಿವರಿಸಿದ್ದರೂ, ದೊಡ್ಡ ಕಾರ್ಖಾನೆಗಳಲ್ಲಿ ಇದರ ತಯಾರಿಕೆ ನೆಲೆಗೊಂಡದ್ದು 1990ರ ದಶಕದಲ್ಲಿ. ಹೀಗೆ ಹುಟ್ಟಿದ ಅಣುವಿನ ಸಕ್ಕರೆಯ ತಲೆ ನೀರಿನ ಕಡೆಗೂ, ಕೊಬ್ಬಿನ ಬಾಲ ಜಿಡ್ಡಿನ ಕಡೆಗೂ ತಿರುಗಿರುತ್ತದೆ. ಈ ತಲೆಗೆ ವಿದ್ಯುದಾವೇಶವಿಲ್ಲ ಎಂಬುದೇ ನಿಮಗೆ ಮುಖ್ಯವಾದ ಸಂಗತಿ. ಆವೇಶವಿಲ್ಲದ್ದರಿಂದ ಕ್ಯಾಲ್ಸಿಯಂ ಅದನ್ನು ಹಿಡಿದು ಜಿಗುಟಾಗಿಸಲಾರದು. ಶಾಂಪೂಗಳಲ್ಲಿ ಬಳಕೆಯಲ್ಲಿರುವ ಸೋಡಿಯಂ ಲಾರಿಲ್ ಸಲ್ಫೇಟ್ ಚರ್ಮದ ಕೆರಾಟಿನ್ ಪ್ರೋಟೀನಿಗೆ ಅಂಟಿಕೊಂಡು ಅದನ್ನು ಉಬ್ಬಿಸುವಷ್ಟು ಇದು ಉಬ್ಬಿಸುವುದೂ ಇಲ್ಲ. ಆದ್ದರಿಂದ ಗಡಸು ನೀರಿನ ಊರಿನಲ್ಲಿ, ಒಣ ಚರ್ಮದವರಿಗೆ, ಸೋಪಿನ ಬದಲು ಇದನ್ನು ಬಳಸುವುದಕ್ಕೆ ಗಟ್ಟಿಯಾದ ಕಾರಣವಿದೆ ಎಂದು ನಾನು ಹೇಳಬಲ್ಲೆ.

ಆದರೆ ಹಣ ಕೊಡುವ ಮುನ್ನ ಬಾಟಲಿಯ ಹಿಂಭಾಗವನ್ನು ದಯವಿಟ್ಟು ಓದಿರಿ. ನಮ್ಮ ದೇಶದ ನಿಯಮದಂತೆ, ಶೇಕಡಾ 1ಕ್ಕಿಂತ ಹೆಚ್ಚಿರುವ ಘಟಕಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಅದಕ್ಕಿಂತ ಕಡಿಮೆ ಇರುವವನ್ನು ಕೊನೆಯಲ್ಲಿ ಯಾವ ಕ್ರಮದಲ್ಲಾದರೂ ಬರೆಯಬಹುದು. ಡೆಸೈಲ್ ಗ್ಲುಕೋಸೈಡ್, ಇಲ್ಲವೇ ಅದೇ ಗುಂಪಿನ ಕೋಕೋ ಅಥವಾ ಲಾರಿಲ್ ಗ್ಲುಕೋಸೈಡ್ ನೀರಿನ ನಂತರ ಎರಡನೆಯ ಇಲ್ಲವೇ ಮೂರನೆಯ ಹೆಸರಾಗಿದ್ದರೆ ತೊಳೆಯುವ ಕೆಲಸವನ್ನು ಅದೇ ಮಾಡುತ್ತಿದೆ ಎಂದರ್ಥ. ಎರಡನೆಯ ಹೆಸರು ಸೋಡಿಯಂ ಲಾರಿಲ್ ಸಲ್ಫೇಟ್ ಆಗಿ, ಗ್ಲುಕೋಸೈಡ್ ಪರಿಮಳದ ಆಚೆಗೆ ಎಲ್ಲೋ ಇದ್ದರೆ, ಮುಂಭಾಗದಲ್ಲಿ ಎಷ್ಟೇ ಎಲೆಗಳ ಚಿತ್ರವಿದ್ದರೂ ಅದಕ್ಕಾಗಿ ಹೆಚ್ಚು ಬೆಲೆ ಕೊಡಬೇಕಿಲ್ಲ.

ಬಾಟಲಿ ಕೈಗೆಟಕದಿದ್ದರೆ ಸೋಡಿಯಂ ಕೋಕಾಯ್ಲ್ ಐಸೆಥಿಯೋನೇಟ್ ಎಂಬ ಸರ್ಫ್ಯಾಕ್ಟಂಟ್ ಮುಖ್ಯವಾಗಿರುವ ಬಿಲ್ಲೆಯೂ ಆದೀತು. ಅದು ಕೂಡ ಗಡಸು ನೀರಿನಲ್ಲಿ ಸೋಪಿನಷ್ಟು ಜಿಗುಟಾಗುವುದಿಲ್ಲ. ಯಾವುದನ್ನು ಬಳಸಿದರೂ ಕಂಕುಳು, ತೊಡೆಸಂದು, ಪಾದಗಳಿಗೆ ಹಚ್ಚಿದರೆ ಸಾಕು, ಒಣಗಿದ ಕಾಲಿಗೆ ದಿನವೂ ಬೇಡ. ನೀರು ಸುಡುವಷ್ಟು ಬಿಸಿಯಿರಬಾರದು. ಮೈ ಒರೆಸಿಕೊಂಡ ತಕ್ಷಣ, ತೇವ ಆರುವ ಮೊದಲೇ, ಕೊಬ್ಬರಿ ಎಣ್ಣೆ ಅಥವಾ ವ್ಯಾಸಲಿನ್ ಸವರಿಕೊಳ್ಳಿರಿ. ಈ ಕೊನೆಯ ಕೆಲಸವನ್ನು ಬಿಟ್ಟರೆ ಬಾಡಿ ವಾಶ್‌ನಿಂದ ನೀವು ಬಯಸಿದ ಫಲ ಸಿಗಲಾರದು, ಏಕೆಂದರೆ ಅದು ನೀರನ್ನು ಮೆದುವಾಗಿಸುವುದಿಲ್ಲ. ನೀರಿನ ಲವಣಗಳು ನೀರಿನಲ್ಲಿಯೇ ಇರುತ್ತವೆ.

ಪ್ರಶ್ನೆ: ಬೀದರ್‌ನಿಂದ ಬರೆಯುತ್ತಿದ್ದೇನೆ. ನನ್ನ ಮಗುವಿಗೆ ಈಗ ಎರಡು ತಿಂಗಳು. ಅತ್ತೆಯವರು ಕಡಲೆಹಿಟ್ಟು ಹಚ್ಚಿ ಎರೆಯುತ್ತಾರೆ, ಮುಂದೆ ತಲೆಗೆ ಅಂಟುವಾಳ ಬಳಸೋಣ ಎನ್ನುತ್ತಾರೆ. ತಂಗಿಯು ಕೋಕೋ ಗ್ಲುಕೋಸೈಡ್ ಇರುವ ಮಕ್ಕಳ ಶಾಂಪೂ ತಂದುಕೊಟ್ಟಿದ್ದಾಳೆ. ಯಾವುದು ಒಳ್ಳೆಯದು?

ಉತ್ತರ: ನಿಮ್ಮ ಅತ್ತೆಯವರು ಹೇಳುವ ಅಂಟುವಾಳಕ್ಕೂ ತಂಗಿ ತಂದ ಶಾಂಪೂವಿಗೂ ರಸಾಯನದ ದೃಷ್ಟಿಯಿಂದ ಹತ್ತಿರದ ನಂಟಿದೆ. ಅಂಟುವಾಳದ ಕಾಯಿಯ ನೊರೆಗೆ ಕಾರಣವಾದ ಸಪೋನಿನ್‌ಗಳಲ್ಲಿಯೂ ನೀರನ್ನು ಹಿಡಿಯುವುದು ಸಕ್ಕರೆಯ ಭಾಗವೇ, ಸೀಗೆಕಾಯಿಯಲ್ಲಿಯೂ ಹಾಗೆಯೇ. ಹಿರಿಯರು ಇವುಗಳಿಂದ ತಲೆ, ರೇಷ್ಮೆ, ಚಿನ್ನದ ಒಡವೆ ತೊಳೆದುಕೊಂಡು ಬಂದದ್ದು ಸುಮ್ಮನೆ ಅಲ್ಲ. ಆದರೆ ಅಂಟುವಾಳದ ನೀರು ಕಣ್ಣಿಗೆ ಬಿದ್ದರೆ ಉಂಟಾಗುವ ಉರಿಯನ್ನು ನೀವೂ ಬಾಲ್ಯದಲ್ಲಿ ಅನುಭವಿಸಿರುತ್ತೀರಿ. ಮನೆಯಲ್ಲಿ ಕುದಿಸಿದ ಕಷಾಯದಲ್ಲಿ ಸಪೋನಿನ್ ಎಷ್ಟಿದೆ ಎಂದು ಅಳೆಯುವ ಬಗೆಯಿಲ್ಲ. ಆದ್ದರಿಂದ ಕಣ್ಣು ಮುಚ್ಚಿಕೊಳ್ಳಲು ಹೇಳಿದರೆ ತಿಳಿಯದ ಕೂಸಿಗೆ ಅದು ಬೇಡ. ಗ್ಲುಕೋಸೈಡ್ ಕೂಡ ಗಾಢವಾಗಿದ್ದಾಗ ಕಣ್ಣಿಗೆ ಅಪಾಯಕಾರಿಯೇ. ಮಕ್ಕಳ ಶಾಂಪೂವಿನಲ್ಲಿ ಅದನ್ನು ತೆಳುವಾಗಿಸಿ, ಕೋಕಮಿಡೋಪ್ರೊಪೈಲ್ ಬೀಟೇನ್‌ನಂಥ ಇನ್ನೊಂದು ಸರ್ಫ್ಯಾಕ್ಟಂಟ್ ಬೆರೆಸಿ, ಪಿಎಚ್ ಸರಿಪಡಿಸಿ ಕೊಡುತ್ತಾರೆ. ಆ ಸೌಮ್ಯತೆ ಬರುವುದು ಇಡೀ ಮಿಶ್ರಣದ ಹದದಿಂದ, ವಸ್ತುವೊಂದು ಗಿಡದಿಂದ ಬಂದಿದೆ ಎಂಬುದರಿಂದಲ್ಲ.

ಎರಡು ತಿಂಗಳ ಕೂಸಿಗೆ ಹೆಚ್ಚಿನ ದಿನ ಬರಿಯ ಬೆಚ್ಚನೆಯ ನೀರೇ ಸಾಕು. ವಾರಕ್ಕೆ ಎರಡು ಮೂರು ಸಲ ಕುತ್ತಿಗೆಯ ಮಡಿಕೆ, ತೊಡೆಸಂದು ಮತ್ತು ತಲೆಗೆ ಆ ಶಾಂಪೂವನ್ನು ಕೆಲವೇ ಹನಿ ಬಳಸಿ ಚೆನ್ನಾಗಿ ತೊಳೆಯಿರಿ. ಕಡಲೆಹಿಟ್ಟಿನ ಮೇಲೆ ಅತ್ತೆಯವರಿಗೆ ನಂಬಿಕೆಯಿದ್ದರೆ, ನುಣ್ಣಗೆ ಜರಡಿ ಹಿಡಿದು, ಉಜ್ಜದೆ ಮೃದುವಾಗಿ ಸವರುವಂತೆ ಕೇಳಿಕೊಳ್ಳಿ. ಮಡಿಕೆಗಳಲ್ಲಿ ಹಿಟ್ಟು ಉಳಿಯಬಾರದು. ಚರ್ಮ ಕೆಂಪಾಗಿದ್ದರೆ ಅಥವಾ ಒಡೆದಿದ್ದರೆ ಹಿಟ್ಟನ್ನು ಪೂರ್ತಿ ನಿಲ್ಲಿಸಬೇಕು, ಏಕೆಂದರೆ ಒಡೆದ ಚರ್ಮದ ಮೂಲಕ ಆಹಾರದ ಪ್ರೋಟೀನುಗಳು ಒಳಹೊಕ್ಕು ಅಲರ್ಜಿಗೆ ದಾರಿಯಾಗಬಹುದು.

ಪ್ರಶ್ನೆ: ನಮ್ಮದು ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಮಹಿಳಾ ಸ್ವಸಹಾಯ ಸಂಘ. ಡೆಸೈಲ್ ಗ್ಲುಕೋಸೈಡ್ ಅನ್ನು ಕ್ಯಾನಿನಲ್ಲಿ ತರಿಸಿ, ಲೋಳೆಸರ ಮತ್ತು ಲಿಂಬೆರಸ ಸೇರಿಸಿ, ರಾಸಾಯನಿಕವಿಲ್ಲದ ಫೇಸ್ ವಾಶ್ ಮಾಡಿ ಜಾತ್ರೆಯಲ್ಲಿ ಮಾರಬೇಕೆಂದಿದ್ದೇವೆ. ಸಲಹೆ ಕೊಡಿರಿ.

ಉತ್ತರ: ನಿಮ್ಮ ಉತ್ಸಾಹಕ್ಕೆ ನನ್ನ ಗೌರವವಿದೆ, ಆದ್ದರಿಂದಲೇ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ. ಕ್ಯಾನಿನಲ್ಲಿ ಬರುವ ಡೆಸೈಲ್ ಗ್ಲುಕೋಸೈಡ್ ಸೌಮ್ಯವಲ್ಲ. ಅದರಲ್ಲಿ ಸಾಮಾನ್ಯವಾಗಿ ಅರ್ಧದಷ್ಟು ನೀರು, ಅರ್ಧದಷ್ಟು ಗ್ಲುಕೋಸೈಡ್ ಇದ್ದು, ಪಿಎಚ್ 11.5ರಿಂದ 12.5ರವರೆಗೆ ಇರುತ್ತದೆ. ಇದು ತೀವ್ರ ಕ್ಷಾರ. ಕೈಗವಸು ಮತ್ತು ಕಣ್ಣಿನ ರಕ್ಷಣೆಯ ಕನ್ನಡಕವಿಲ್ಲದೆ ಯಾರೂ ಮುಟ್ಟಬಾರದು, ಮಕ್ಕಳು ಓಡಾಡುವ ಅಡುಗೆಮನೆಯಲ್ಲಿ ಇಡಲೇಬಾರದು.

ಅಷ್ಟು ಕ್ಷಾರದಲ್ಲಿ ಸೂಕ್ಷ್ಮಜೀವಿಗಳು ಬೆಳೆಯಲಾರವು. ಕ್ಯಾನಿನ ಸರಕು ಕೆಡದಿರುವುದು ಅದರಿಂದಲೇ. ಚರ್ಮಕ್ಕೆ ಹೊಂದುವಂತೆ ನೀವು ಪಿಎಚ್ ಅನ್ನು 5.5ರ ಹತ್ತಿರಕ್ಕೆ ಇಳಿಸಿದ ಕ್ಷಣದಲ್ಲಿ ಆ ರಕ್ಷಣೆ ಇಲ್ಲವಾಗುತ್ತದೆ. ಬಳಿಕ ನಿಮ್ಮ ಬಾಟಲಿಯಲ್ಲಿ ಇರುವುದು ನೀರು ಮತ್ತು ಸೂಕ್ಷ್ಮಜೀವಿಗಳಿಗೆ ಆಹಾರವಾಗಬಲ್ಲ ಪದಾರ್ಥ. ಅದಕ್ಕೆ ತಾಜಾ ಲೋಳೆಸರದ ತಿರುಳನ್ನೂ ಲಿಂಬೆರಸವನ್ನೂ ಸೇರಿಸಿ, ಯಾದಗಿರಿಯ ಬೇಸಿಗೆಯಲ್ಲಿ ತಗಡಿನ ಸೂರಿನ ಕೆಳಗೆ ಇಟ್ಟರೆ, ಬಣ್ಣವೂ ವಾಸನೆಯೂ ಬದಲಾಗುವ ಮೊದಲೇ ಅದರೊಳಗೆ ಬ್ಯಾಕ್ಟೀರಿಯಾ ತುಂಬಿಕೊಂಡಿರಬಹುದು. ಅದನ್ನು ಒಬ್ಬರು ಮುಖಕ್ಕೆ, ಕಣ್ಣಿನ ಹತ್ತಿರಕ್ಕೆ ಹಚ್ಚಿಕೊಳ್ಳುತ್ತಾರೆ ಎಂಬುದನ್ನು ನೆನಪಿಡಿ. ಸಂರಕ್ಷಕ ಹಾಕುವುದು ಮೋಸವಲ್ಲ. ನೀರಿರುವ ಫೇಸ್ ವಾಶ್‌ಗೆ ಅದು ಬೇಕೇಬೇಕು. ಸೋಡಿಯಂ ಬೆಂಜೋಯೇಟ್ ಆರಿಸಿಕೊಂಡರೆ ಅದು ಆಮ್ಲೀಯ ದ್ರಾವಣದಲ್ಲಿ, ಅಂದರೆ ಪಿಎಚ್ 5ರ ಆಸುಪಾಸಿನಲ್ಲಿ ಮತ್ತು ಅದಕ್ಕಿಂತ ಕೆಳಗೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆ. ಫಿನಾಕ್ಸಿಎಥನಾಲ್ ಆದರೆ ಶೇಕಡಾ 1ನ್ನು ಮೀರಬಾರದು. ‘ರಾಸಾಯನಿಕವಿಲ್ಲದ’ ಎಂಬ ಮಾತನ್ನು ಚೀಟಿಯಿಂದ ದಯವಿಟ್ಟು ಕೈಬಿಡಿ, ಅದು ಸತ್ಯವಲ್ಲ.

ತಯಾರಿಕೆಯ ವಿಷಯದಲ್ಲಿ ಹೇಳುವುದಾದರೆ, ಬೋರ್‌ವೆಲ್ ನೀರಿನ ಬದಲು ಡಿಸ್ಟಿಲ್ಡ್ ನೀರನ್ನು ಬಳಸಿರಿ. ನೂರು ಗ್ರಾಂ ಫೇಸ್ ವಾಶ್‌ನಲ್ಲಿ ಕ್ಯಾನಿನ ದ್ರವ 15ರಿಂದ 20 ಗ್ರಾಂ ಇದ್ದರೆ ಸಾಕು. ಲಿಂಬೆರಸದ ಹುಳಿ ಹಣ್ಣಿನಿಂದ ಹಣ್ಣಿಗೆ ಬದಲಾಗುವುದರಿಂದ ತೂಕ ಮಾಡಿದ ಸಿಟ್ರಿಕ್ ಆಮ್ಲವನ್ನು ನೀರಿನಲ್ಲಿ ಕರಗಿಸಿ, ಸ್ವಲ್ಪ ಸ್ವಲ್ಪವೇ ಸೇರಿಸುತ್ತ, ಪ್ರತಿ ಸಲವೂ ಪಿಎಚ್ ಮೀಟರಿನಲ್ಲಿ ನೋಡಬೇಕು. ಶಾಂಪೂವನ್ನು ಗಟ್ಟಿ ಮಾಡಲು ಉಪ್ಪು ಹಾಕುವ ಪದ್ಧತಿ ಇಲ್ಲಿ ನಡೆಯುವುದಿಲ್ಲ, ಆವೇಶವಿಲ್ಲದ ಈ ಅಣು ಉಪ್ಪಿಗೆ ಸ್ಪಂದಿಸುವುದಿಲ್ಲ. ಕ್ಸಾಂಥನ್ ಗಮ್ ಬೇಕಾಗುತ್ತದೆ.

ಇದೆಲ್ಲಕ್ಕೂ ಮೊದಲಿನ ಮಾತೆಂದರೆ, ಮಾರಾಟಕ್ಕಾಗಿ ಫೇಸ್ ವಾಶ್ ತಯಾರಿಸಲು 2020ರ ಸೌಂದರ್ಯವರ್ಧಕ ನಿಯಮಗಳ ಅಡಿಯಲ್ಲಿ ರಾಜ್ಯದ ಪರವಾನಗಿ ಪ್ರಾಧಿಕಾರದಿಂದ ಪರವಾನಗಿ ಪಡೆಯಬೇಕು. ಅದಿಲ್ಲದೆ ಜಾತ್ರೆಯಲ್ಲಿ ಮಾರಬೇಡಿ. ಪಾತ್ರೆ ತೊಳೆಯುವ ದ್ರಾವಣ ಈ ನಿಯಮಗಳ ವ್ಯಾಪ್ತಿಗೆ ಬರುವುದಿಲ್ಲ, ಅದಕ್ಕೂ ಇದೇ ಗ್ಲುಕೋಸೈಡ್ ಒದಗುತ್ತದೆ. ತೂಕ, ಪಿಎಚ್, ಸಂರಕ್ಷಕ ಮೂರರಲ್ಲಿಯೂ ಕೈ ಪಳಗುವವರೆಗೆ ನಿಮ್ಮ ಸಂಘ ಅಲ್ಲಿಂದ ಆರಂಭಿಸುವುದು ಸೂಕ್ತವೆಂದು ನನ್ನ ಅಭಿಪ್ರಾಯ.

ಪ್ರಶ್ನೆ: ಸೌಮ್ಯ ಎಂದು ಬರೆದ ಗ್ಲುಕೋಸೈಡ್ ಶಾಂಪೂ ಬಳಸಿದ ಮೇಲೆ ನನ್ನ ಕುತ್ತಿಗೆ ಮತ್ತು ಕಣ್ಣರೆಪ್ಪೆಗಳಲ್ಲಿ ತುರಿಕೆ ಆರಂಭವಾಗಿದೆ. ಹೀಗಾಗುವುದು ಸಾಧ್ಯವೇ? (ಓದುಗರು, ಹುಮನಾಬಾದ್)

ಉತ್ತರ: ಸಾಧ್ಯ. ಹೆಚ್ಚಿನವರಿಗೆ ಇದು ಒಗ್ಗಿದರೂ ಕೆಲವರಿಗೆ ಗ್ಲುಕೋಸೈಡ್‌ಗಳಿಂದ ಸ್ಪರ್ಶ ಅಲರ್ಜಿ ಉಂಟಾಗುತ್ತದೆ. ಅಮೆರಿಕದ ಸ್ಪರ್ಶ ಚರ್ಮರೋಗ ತಜ್ಞರ ಸಂಘವು 2017ರಲ್ಲಿ ಈ ಗುಂಪನ್ನೇ ವರ್ಷದ ಅಲರ್ಜಿಕಾರಕವೆಂದು ಹೆಸರಿಸಿ ವೈದ್ಯರ ಗಮನ ಸೆಳೆಯಿತು. ಶಾಂಪೂವನ್ನು ಈಗಲೇ ನಿಲ್ಲಿಸಿ, ಬಾಟಲಿಯನ್ನು ಎಸೆಯದೆ ಚರ್ಮರೋಗ ವೈದ್ಯರ ಬಳಿಗೆ ಒಯ್ಯಿರಿ. ನೀವು ಹಚ್ಚಿಕೊಳ್ಳುವ ಸನ್‌ಸ್ಕ್ರೀನ್ ಇದ್ದರೆ ಅದನ್ನೂ ಒಯ್ಯಿರಿ, ಏಕೆಂದರೆ ಬಿಸಾಕ್ಟ್ರಿಜೋಲ್ ಎಂಬ ಬಿಸಿಲು ತಡೆಯುವ ವಸ್ತುವಿನ ಜೊತೆಯಲ್ಲಿ ಡೆಸೈಲ್ ಗ್ಲುಕೋಸೈಡ್ ಬರುವುದುಂಟು ಮತ್ತು ಅದರ ಹೆಸರು ಪಟ್ಟಿಯಲ್ಲಿ ಕಾಣದೆಯೂ ಇರಬಹುದು. ಬೆನ್ನಿಗೆ ಪಟ್ಟಿಗಳನ್ನು ಅಂಟಿಸಿ ಎರಡು ದಿನ ಬಿಟ್ಟು, ಅನಂತರ ಇನ್ನೊಮ್ಮೆಯೂ ನೋಡುವ ಪ್ಯಾಚ್ ಪರೀಕ್ಷೆಯಿಂದ ಕಾರಣ ತಿಳಿಯುತ್ತದೆ. ಅದು ಶಾಂಪೂವಿನ ಪರಿಮಳವೂ ಆಗಿರಬಹುದು, ಸಂರಕ್ಷಕವೂ ಆಗಿರಬಹುದು. ಗ್ಲುಕೋಸೈಡೇ ಎಂದು ಖಚಿತವಾದರೆ ಡೆಸೈಲ್ ಮಾತ್ರವಲ್ಲ, ಕೋಕೋ ಮತ್ತು ಲಾರಿಲ್ ಗ್ಲುಕೋಸೈಡ್‌ಗಳನ್ನೂ ದೂರವಿಡಿ, ಏಕೆಂದರೆ ಒಂದಕ್ಕೆ ಅಲರ್ಜಿಯಿರುವ ಚರ್ಮ ಉಳಿದವುಗಳಿಗೂ ಪ್ರತಿಕ್ರಿಯಿಸುವುದು ಸಾಮಾನ್ಯ.