ಕ್ವೇಕರ್ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳನ್ನು ವಾರಕ್ಕೊಮ್ಮೆ ಮೌನವಾಗಿ ಕೂರಿಸುವುದು ಯಾಕೆ?

ಕೇಳಿಸಿಕೊಳ್ಳುವುದನ್ನು ಕಲಿಸಲಿಕ್ಕೆ. ಪ್ರತಿಯೊಬ್ಬರೊಳಗೂ ದೇವರ ಅಂಶ ಇದೆ ಅನ್ನುವುದು 17ನೇ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಕ್ರೈಸ್ತ ಪಂಥದ ನಂಬಿಕೆ. ಹಾಗಿದ್ದ ಮೇಲೆ ಸತ್ಯದ ಮಾತು ಆರು ವರ್ಷದ ಮಗುವಿನ ಬಾಯಿಂದಲೂ ಬರಬಹುದು, ಅಲ್ವಾ? ಅದಕ್ಕೇ ಫಿಲಡೆಲ್ಫಿಯಾ, ವಾಷಿಂಗ್ಟನ್ ಕಡೆಯ ಇಂಥ ಶಾಲೆಗಳಲ್ಲಿ ಮಕ್ಕಳು, ಟೀಚರುಗಳು ಎಲ್ಲರೂ ಒಟ್ಟಿಗೆ ಕೂರುತ್ತಾರೆ. ಪಾದ್ರಿ ಇಲ್ಲ, ಪ್ರವಚನ ಇಲ್ಲ, ಮನಸ್ಸಿನಲ್ಲಿ ಏನಾದರೂ ಬಲವಾಗಿ ಮೂಡಿದವರು ಎದ್ದು ನಿಂತು ಹೇಳುತ್ತಾರೆ, ಆ ಮಾತಿಗೆ ಯಾರೂ ತಕ್ಷಣ ವಾದ ಹೂಡುವುದಿಲ್ಲ. ಚಿಕ್ಕ ಮಕ್ಕಳಿಗೆ ಹೊತ್ತು ಕಡಿಮೆ. ಇದೇ ಅಭ್ಯಾಸ ಆಟದ ಬಯಲಿಗೂ ಬರುತ್ತದೆ, ನನಗೆ ಜಾಸ್ತಿ ಇಷ್ಟವಾಗುವುದೂ ಅದೇ: ಜಗಳವಾದರೆ ಇಬ್ಬರೂ ಒಬ್ಬರ ಮಾತನ್ನು ಇನ್ನೊಬ್ಬರು ಪೂರ್ತಿ ಕೇಳಿ, ತಾವೇ ದಾರಿ ಹುಡುಕುವಂತೆ ಟೀಚರು ಜೊತೆಗಿರುತ್ತಾರೆ. ಅಂದಹಾಗೆ, ಅಲ್ಲಿ ಓದುವ ಬಹುಪಾಲು ಮಕ್ಕಳು ಕ್ವೇಕರ್ ಮನೆಯವರಲ್ಲ.