ಎಂಜಿನ್ ಆಯಿಲ್‌ನೊಳಗಿನ ಸುಣ್ಣದ ಕಣ: ಕಂಪ್ಯೂಟರಿನಲ್ಲಿ ಕಟ್ಟುವುದು ಹೇಗೆ, ಬೋಟಿನಲ್ಲಿ ಕಾಯುವುದು ಹೇಗೆ

ಪ್ರಶ್ನೆ: ಎಂಜಿನ್ ಆಯಿಲ್‌ನಲ್ಲಿ ಆಮ್ಲ ತಡೆಯಲು ಸೇರಿಸುವ ಓವರ್‌ಬೇಸ್ಡ್ ಡಿಟರ್ಜೆಂಟ್‌ನ (ಸುಣ್ಣದ ಕಣ ತುಂಬಿದ ಡಿಟರ್ಜೆಂಟ್) ಒಂದು ಕಣವನ್ನು, ಅಣುಗಳ ಚಲನೆ ಲೆಕ್ಕಹಾಕುವ ಲ್ಯಾಂಪ್ಸ್ ತಂತ್ರಾಂಶದಲ್ಲಿ ಕಟ್ಟುತ್ತಿದ್ದೇನೆ. ಕ್ಯಾಲ್ಸೈಟ್ ಹರಳಿನಿಂದ 4 ನ್ಯಾನೊಮೀಟರ್ ವ್ಯಾಸದ ಉಂಡೆ ಕತ್ತರಿಸಿ, ಸುತ್ತ 60 ಡೋಡೆಸೈಲ್‌ಬೆಂಜೀನ್ ಸಲ್ಫೊನೇಟ್ ಅಣುಗಳನ್ನಿಟ್ಟು, ಎಣ್ಣೆಯ ಬದಲಿಗೆ ಡೋಡೆಕೇನ್ ತುಂಬಿದ್ದೇನೆ. 2 ಫೆಮ್ಟೊಸೆಕೆಂಡ್ ಹೆಜ್ಜೆಯಲ್ಲಿ ಓಡಿಸಿದರೆ ಶುರುವಿನಲ್ಲೇ ಪರಮಾಣುಗಳು ಚೆಲ್ಲಾಪಿಲ್ಲಿಯಾಗಿ ಲೆಕ್ಕ ಸಿಡಿದುಹೋಗುತ್ತದೆ. ಒಮ್ಮೆ ಹೇಗೋ ಓಡಿದಾಗ ಕಣದ ಒಂದು ಬದಿ ಬೋಳಾಗಿತ್ತು. ಎಲ್ಲಿ ತಪ್ಪುತ್ತಿದೆ? (ಎಂ.ಟೆಕ್. ವಿದ್ಯಾರ್ಥಿ, ಸುರತ್ಕಲ್)

ಉತ್ತರ: ಬೋಳಾದದ್ದಕ್ಕೆ ಕಾರಣ ನಿಮ್ಮ ಲೆಕ್ಕದಲ್ಲೇ ಇದೆ. 4 ನ್ಯಾನೊಮೀಟರ್ ಉಂಡೆಯ ಮೇಲ್ಮೈ ಸುಮಾರು 50 ಚದರ ನ್ಯಾನೊಮೀಟರ್. ಒಂದು ಸಲ್ಫೊನೇಟ್ ತಲೆ ಹಿಡಿಯುವ ಜಾಗ ಹೆಚ್ಚುಕಡಿಮೆ ಅರ್ಧ ಚದರ ನ್ಯಾನೊಮೀಟರ್. ಅಂದರೆ 100ರ ಆಸುಪಾಸು ಅಣು ಬೇಕು, ನೀವು ಇಟ್ಟದ್ದು 60. ಇದ್ದ ಅಣುಗಳು ಒಂದು ಕಡೆ ಒತ್ತಾಗಿ ಸೇರಿಕೊಂಡವು, ಉಳಿದ ಕಡೆ ಕಾರ್ಬೊನೇಟ್ ಎಣ್ಣೆಗೆ ನೇರವಾಗಿ ತೆರೆದುಕೊಂಡಿತು. ಇಡೀ ಕಣದ ಬಾಳುವೆ ನಿಂತಿರುವುದು ಈ ಹೊದಿಕೆಯ ಮೇಲೆ. ಒಳಗಿರುವುದು ನಮ್ಮ ಮರುವಾಯಿ ಚಿಪ್ಪಿನಲ್ಲಿರುವ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ಎಣ್ಣೆಯಲ್ಲಿ ಅದು ತಾನಾಗಿ ಕರಗುವ ವಸ್ತುವೇ ಅಲ್ಲ. ಸಲ್ಫೊನೇಟಿನ ತಲೆ ಕಣವನ್ನು ಹಿಡಿದು, ಬಾಲ ಎಣ್ಣೆಯೊಳಗೆ ಚಾಚಿಕೊಂಡಿರುವುದರಿಂದಷ್ಟೇ ಅದು ತಳ ಸೇರದೆ ತೇಲುತ್ತದೆ.

ಅಣು ಹೆಚ್ಚಿಸುವಾಗ ವಿದ್ಯುದಂಶದ ಲೆಕ್ಕವನ್ನೂ ಸರಿಮಾಡಿ. ಪ್ರತಿ ಸಲ್ಫೊನೇಟಿಗೆ ಒಂದು ಋಣ ವಿದ್ಯುದಂಶ. 100 ಇಟ್ಟರೆ ಕಾರ್ಬೊನೇಟಿಗೆ ಜೋಡಿಯಾದ ಕ್ಯಾಲ್ಸಿಯಂ ಅಲ್ಲದೆ ಇನ್ನೂ 50 ಕ್ಯಾಲ್ಸಿಯಂ ಅಯಾನು ಮೇಲ್ಮೈಯಲ್ಲಿರಬೇಕು. ಇದನ್ನು ಮರೆತರೆ ಲ್ಯಾಂಪ್ಸ್ ಒಂದು ಎಚ್ಚರಿಕೆ ಸಾಲು ಬರೆದು ಮುಂದೆ ಹೋಗುತ್ತದೆ, ನಿಲ್ಲುವುದಿಲ್ಲ. ಉಳಿದ ವಿದ್ಯುದಂಶವನ್ನು ಇಡೀ ಬಾಕ್ಸಿಗೆ ಸಮನಾಗಿ ಹರಡಿದ ಹಿನ್ನೆಲೆಯೊಂದು ಸರಿದೂಗಿಸಿದಂತೆ ಲೆಕ್ಕ ನಡೆಯುತ್ತದೆ, ಬರುವ ಉತ್ತರಕ್ಕೆ ಅರ್ಥವಿರುವುದಿಲ್ಲ. ಲಾಗ್ ಫೈಲಿನ ಮೊದಲ 50 ಸಾಲುಗಳನ್ನು ಓದದೆ ಯಾವ ಗ್ರಾಫನ್ನೂ ನಂಬಬೇಡಿ.

ಉಂಡೆ ಕತ್ತರಿಸುವ ವಿಧಾನದಲ್ಲೂ ಎರಡು ತೊಡಕುಗಳಿವೆ. ತ್ರಿಜ್ಯದೊಳಗೆ ಬಂದ ಪರಮಾಣುಗಳನ್ನೆಲ್ಲ ಆಯ್ದರೆ ಅಂಚಿನಲ್ಲಿ ಕಾರ್ಬೊನೇಟುಗಳು ತುಂಡಾಗುತ್ತವೆ. ಇಂಗಾಲದ ಸ್ಥಾನ ನೋಡಿ ಇಡೀ ಕಾರ್ಬೊನೇಟನ್ನು ಒಳಗಿಡಿ ಅಥವಾ ಹೊರಗಿಡಿ, ಆಮೇಲೆ ಕ್ಯಾಲ್ಸಿಯಂ ಸಂಖ್ಯೆಯನ್ನು ಅದಕ್ಕೆ ಸಮಮಾಡಿ. ಕ್ಯಾಲ್ಸೈಟಿನ ಸಾಂದ್ರತೆಯಲ್ಲಿ 4 ನ್ಯಾನೊಮೀಟರ್ ಉಂಡೆಗೆ ಸುಮಾರು 545 ಜೋಡಿ ಬರುತ್ತವೆ. ಎರಡನೆಯದು ಇನ್ನೂ ಮುಖ್ಯ: ನಿಜವಾದ ಡಿಟರ್ಜೆಂಟ್ ಕಣದ ತಿರುಳು ಹರಳಲ್ಲ, ಅಸ್ಫಟಿಕ. ಮೆಥನಾಲ್ ಬೆರೆಸಿದ ದ್ರಾವಕದಲ್ಲಿ ಸುಣ್ಣದ ಹಿಟ್ಟಿನ ಮೇಲೆ ಇಂಗಾಲದ ಡೈಆಕ್ಸೈಡ್ ಹಾಯಿಸಿ ಮಾಡುವಾಗ, ಹರಳು ಕಟ್ಟುವ ಮೊದಲೇ ಸರ್ಫ್ಯಾಕ್ಟಂಟ್ (ಹೊದಿಕೆಯಾಗುವ ಸಲ್ಫೊನೇಟ್) ಅದನ್ನು ಮುಚ್ಚಿಬಿಡುತ್ತದೆ. ಹಾಗಾಗಿ ಮೊದಲು ಬರೀ ಕಾರ್ಬೊನೇಟನ್ನು, ಎಲ್ಲ ದಿಕ್ಕಿನಲ್ಲೂ ಮರುಕಳಿಸುವ ತುಂಬಿದ ಬಾಕ್ಸಿನಲ್ಲಿ, 2500ರಿಂದ 3000 ಕೆಲ್ವಿನ್‌ಗೆ ಕಾಯಿಸಿ ಕರಗಿಸಿ ತಣಿಸಿ. ಉಂಡೆ ಕತ್ತರಿಸುವುದು ಅದರಿಂದ. ಬಿಡಿ ಉಂಡೆಯನ್ನು ನಿರ್ವಾತದಲ್ಲಿ ಅಷ್ಟು ಕಾಯಿಸಿದರೆ ಅಯಾನುಗಳು ಹಾರಿಹೋಗುತ್ತವೆ. ಸರ್ಫ್ಯಾಕ್ಟಂಟ್ ಇಟ್ಟುಕೊಂಡು ಕಾಯಿಸುವ ಮಾತಂತೂ ಬೇಡ.

ಇನ್ನು ಸಿಡಿಯುವ ವಿಚಾರ. ಕಾರ್ಬೊನೇಟಿಗೆ ಬಳಸುವ ಫೋರ್ಸ್ ಫೀಲ್ಡುಗಳಲ್ಲಿ (ಪರಮಾಣುಗಳ ನಡುವಿನ ಬಲ ಲೆಕ್ಕಹಾಕುವ ಸೂತ್ರಗಳ ಕಟ್ಟು), ರೈತೆರಿ ಮತ್ತು ಗೇಲ್ ರೂಪಿಸಿದ್ದೂ ಸೇರಿ, ಬಕಿಂಗ್‌ಹ್ಯಾಮ್ ಸೂತ್ರ ಇರುತ್ತದೆ. ಇದರ ವಿಕರ್ಷಣೆಗೆ ಒಂದು ಮಿತಿ ಉಂಟು. ಎರಡು ಪರಮಾಣು ತೀರಾ ಹತ್ತಿರ ಬಂದರೆ ವಿಕರ್ಷಣೆ ಅಲ್ಲಿಗೇ ನಿಲ್ಲುತ್ತದೆ, ವಿರುದ್ಧ ವಿದ್ಯುದಂಶಗಳ ಆಕರ್ಷಣೆ ಮಾತ್ರ ಏರುತ್ತಲೇ ಹೋಗುತ್ತದೆ. ನೀವು ಸಲ್ಫೊನೇಟಿನ ಆಮ್ಲಜನಕವನ್ನು ಕ್ಯಾಲ್ಸಿಯಂನಿಂದ 1.5 ಆಂಗ್‌ಸ್ಟ್ರಾಮ್ (0.15 ನ್ಯಾನೊಮೀಟರ್) ದೂರದಲ್ಲಿಟ್ಟು ಓಡಿಸಿದರೆ ಅವು ಒಂದರೊಳಗೊಂದು ಬಿದ್ದು, ಬಾಕ್ಸ್ ಸಿಡಿಯುತ್ತದೆ. ಪ್ಯಾಕ್‌ಮಾಲ್‌ನಲ್ಲಿ ಅಣು ಜೋಡಿಸುವಾಗ ಗಂಧಕದ ಪರಮಾಣುವನ್ನು ಒಳಗಿನ ಗೋಲದಲ್ಲಿಯೂ ಬಾಲದ ತುದಿಯನ್ನು ಹೊರಗಿನ ಗೋಲದಾಚೆಯೂ ಇರುವಂತೆ ನಿಯಮ ಹಾಕಿ, ಕನಿಷ್ಠ ಅಂತರ 2.3 ಆಂಗ್‌ಸ್ಟ್ರಾಮ್ ಇಡಿ. ಸರಿಯಾಗಿ ನೆಲೆಗೊಂಡ ಮೇಲೆ ಕ್ಯಾಲ್ಸಿಯಂ ಮತ್ತು ಸಲ್ಫೊನೇಟ್ ಆಮ್ಲಜನಕದ ನಡುವಿನ ದೂರ 2.3ರಿಂದ 2.5ರೊಳಗೆ ಬರಬೇಕು, ಕ್ಯಾಲ್ಸೈಟಿನಲ್ಲೇ ಅದು 2.36. ಬಾರದಿದ್ದರೆ ಆ ಜೋಡಿಯ ನಿಯತಾಂಕ ತಪ್ಪಿದೆ ಎಂದರ್ಥ. ಸಾವಯವ ಭಾಗಕ್ಕೆ ಲೆನ್ನಾರ್ಡ್-ಜೋನ್ಸ್ ಎಂಬ ಬೇರೆ ಸೂತ್ರ, ಖನಿಜಕ್ಕೆ ಬಕಿಂಗ್‌ಹ್ಯಾಮ್ ಇರುವಾಗ ಇವೆರಡರ ನಡುವಿನ ಮೌಲ್ಯವನ್ನು ತಂತ್ರಾಂಶ ತಾನಾಗಿ ಊಹಿಸಲಾರದು, ಪ್ರತಿ ಜೋಡಿಗೂ ನೀವೇ ಬರೆಯಬೇಕು. (ಗ್ರೊಮ್ಯಾಕ್ಸ್ ಎಂಬ ಇನ್ನೊಂದು ತಂತ್ರಾಂಶಕ್ಕೆ ಬದಲಾಯಿಸೋಣವೇ ಎಂದು ಯೋಚಿಸಿದ್ದರೆ ಬೇಡ. 2020ರ ಆವೃತ್ತಿಯಿಂದ ಈಚೆಗೆ ಅದು ಬಕಿಂಗ್‌ಹ್ಯಾಮನ್ನು ಓಡಿಸುವುದಿಲ್ಲ.)

ಓಡಿಸುವ ಕ್ರಮ ಹೀಗಿರಲಿ. ಮೊದಲು ಶಕ್ತಿ ಇಳಿಸುವ ಮಿನಿಮೈಸೇಶನ್. ನಂತರ ತಿರುಳನ್ನು ಕದಲದಂತೆ ಕಟ್ಟಿಹಾಕಿ, 0.5 ಫೆಮ್ಟೊಸೆಕೆಂಡ್ ಹೆಜ್ಜೆಯಲ್ಲಿ 50 ಕೆಲ್ವಿನ್‌ನಿಂದ 300ರವರೆಗೆ ನಿಧಾನ ಏರಿಸಿ. ತಿರುಳನ್ನು ಇನ್ನೂ ಕಟ್ಟಿಟ್ಟೇ 500 ಕೆಲ್ವಿನ್‌ನಲ್ಲಿ 5 ನ್ಯಾನೊಸೆಕೆಂಡ್ ಓಡಿಸಿದರೆ ತಲೆಗಳು ಮೇಲ್ಮೈಯಲ್ಲಿ ಜರುಗಿ ಜಾಗ ಹಂಚಿಕೊಳ್ಳುತ್ತವೆ. ಆಮೇಲೆ 373 ಕೆಲ್ವಿನ್‌ಗೆ ಇಳಿಸಿ, ತಿರುಳನ್ನು ಬಿಟ್ಟು, 1 ಫೆಮ್ಟೊಸೆಕೆಂಡ್ ಹೆಜ್ಜೆಯಲ್ಲಿ ಮುಂದುವರಿಸಿ. 2 ಬೇಕೇ ಬೇಕೆಂದರೆ ಜಲಜನಕದ ಬಂಧಗಳನ್ನು ಶೇಕ್ ವಿಧಾನದಿಂದ ಬಿಗಿಯಲೇಬೇಕು. ನೀವು ಬಿಗಿದಿರಲಿಲ್ಲವಾದರೆ ಸಿಡಿಯಲು ಅದೂ ಒಂದು ಕಾರಣ. ಇಲ್ಲಿ ಡೋಡೆಕೇನ್ ಕೈಕೊಡುತ್ತದೆ. ಅದರ ಕುದಿಬಿಂದು 216 ಡಿಗ್ರಿ ಸೆಲ್ಸಿಯಸ್, ಅಂದರೆ 489 ಕೆಲ್ವಿನ್. ಒಂದು ವಾಯುಭಾರ ಒತ್ತಡದಲ್ಲಿ 500ಕ್ಕೆ ಕಾಯಿಸಿದರೆ ಬಾಕ್ಸ್ ಉಬ್ಬಿ ಆವಿಯಾಗುತ್ತದೆ. ಸ್ಕ್ವಾಲೇನ್ ತುಂಬಿ; ಮೂವತ್ತು ಇಂಗಾಲದ, ಕವಲೊಡೆದ ಅಣುವಾದ್ದರಿಂದ ಬೇಸ್ ಆಯಿಲ್‌ಗೆ ಅದು ಹೆಚ್ಚು ಹತ್ತಿರ.

12 ನ್ಯಾನೊಮೀಟರ್ ಬದಿಯ ಬಾಕ್ಸಿಗೆ ಸುಮಾರು 1,800 ಸ್ಕ್ವಾಲೇನ್ ಅಣು ಬೇಕು. ಒಟ್ಟು 1.7 ಲಕ್ಷ ಪರಮಾಣು, ಒಂದು ಒಳ್ಳೆಯ ಜಿಪಿಯು ಸಾಕು. ಆದರೆ ಈ ಬಾಕ್ಸ್ ಯಾವ ಆಯಿಲ್ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಒಂದು ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ 1,121 ಮಿಲಿಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡಿಗೆ ಸಮ. ನಿಮ್ಮ ಬಾಕ್ಸಿನ ತೂಕದಲ್ಲಿ ಕಾರ್ಬೊನೇಟ್ ನೂರಕ್ಕೆ ಆರರಷ್ಟು. ಅಂದರೆ ಟಿಬಿಎನ್ (ಆಯಿಲ್‌ನ ಆಮ್ಲ ತಡೆಯುವ ಶಕ್ತಿಯ ಅಳತೆ, ಗ್ರಾಂಗೆ ಇಷ್ಟು ಮಿಲಿಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂದು) 70ರ ಹತ್ತಿರ: ಹೆಚ್ಚು ಗಂಧಕದ ಇಂಧನ ಉರಿಸುವ ದೊಡ್ಡ ಹಡಗುಗಳ ಸಿಲಿಂಡರ್ ಆಯಿಲ್‌ನಷ್ಟು. ಕಾರಿನ ಅಥವಾ ಲಾರಿಯ 10 ಟಿಬಿಎನ್ ಆಯಿಲ್ ಬೇಕೆಂದರೆ ಬಾಕ್ಸಿನ ಬದಿ 23 ನ್ಯಾನೊಮೀಟರ್ ಆಗಬೇಕು. ಒಂದೇ ಕಣದ ರಚನೆ ನೋಡಲು ಚಿಕ್ಕ ಬಾಕ್ಸ್ ಸಾಕು. ಕಣಗಳು ಒಟ್ಟುಗೂಡುತ್ತವೆಯೇ ಎಂದು ನೋಡುವವರು ಮಾತ್ರ ಈ ಸಂಖ್ಯೆ ಮರೆಯಬಾರದು.

ಎಲ್ಲವೂ ಸರಿ ಓಡಿದ ಮೇಲೆ, ಬೇರೆ ಬೇರೆ ಆರಂಭ ಜೋಡಣೆಯಿಂದ ಮೂರು ಸಲವಾದರೂ ಓಡಿಸಿ. ಎಣ್ಣೆಯಲ್ಲಿ ವಿದ್ಯುತ್ ಆಕರ್ಷಣೆ ನೀರಿನಲ್ಲಿರುವಂತೆ ಕುಗ್ಗುವುದಿಲ್ಲ, 373 ಕೆಲ್ವಿನ್‌ನಲ್ಲಿ ತಲೆಗಳು ಹಿಡಿದ ಜಾಗ ಬಿಡುವುದೇ ಇಲ್ಲ. ನೂರು ನ್ಯಾನೊಸೆಕೆಂಡ್ ಓಡಿಸಿದರೂ ಮೊದಲು ಎಲ್ಲಿಟ್ಟಿರೋ ಹೆಚ್ಚುಕಡಿಮೆ ಅಲ್ಲೇ ಇರುತ್ತವೆ. ಬಿಡಿಬಿಡಿ ಅಯಾನು ಚೆಲ್ಲಿ, ಕಣ ತಾನಾಗಿ ಕಟ್ಟಿಕೊಳ್ಳಲಿ ಎಂದು ಕಾಯುವುದು ವ್ಯರ್ಥ ಎನ್ನುವುದೂ ಇದೇ ಕಾರಣಕ್ಕೆ.

ಪ್ರಶ್ನೆ: ಇದೇ ಸಿಮ್ಯುಲೇಶನ್‌ಗೆ ಸಲ್ಫ್ಯೂರಿಕ್ ಆಮ್ಲ ಸೇರಿಸಿದರೆ ಅದು ಕಣದೊಂದಿಗೆ ಸೇರಿ ತಟಸ್ಥವಾಗುವುದನ್ನು ನೋಡಬಹುದೇ? (ಮಣಿಪಾಲ)

ಉತ್ತರ: ನೋಡಲಾಗದು. ಮೇಲೆ ಹೇಳಿದ ಬಗೆಯ ಫೋರ್ಸ್ ಫೀಲ್ಡಿನಲ್ಲಿ ಬಂಧ ಮುರಿಯುವುದಿಲ್ಲ. ಆಮ್ಲ ಹೊದಿಕೆಯ ಬಾಲಗಳ ನಡುವೆ ನುಸುಳಿ ತಿರುಳಿನವರೆಗೆ ತಲುಪುವ ದಾರಿ ಕಾಣಬಹುದು, ಮುಂದೆ ಕ್ಯಾಲ್ಸಿಯಂ ಸಲ್ಫೇಟ್, ನೀರು, ಇಂಗಾಲದ ಡೈಆಕ್ಸೈಡ್ ಆಗುವುದು ಕಾಣದು. ಅದಕ್ಕೆ ಬಂಧ ಮುರಿದು ಕೂಡುವುದನ್ನೂ ಲೆಕ್ಕಹಾಕುವ ರಿಯಾಕ್ಸ್‌ಎಫ್‌ಎಫ್ ಎಂಬ ಫೋರ್ಸ್ ಫೀಲ್ಡ್ ಬೇಕು. ಹೆಜ್ಜೆ 0.25 ಫೆಮ್ಟೊಸೆಕೆಂಡ್ ಮೀರಬಾರದು, ಹಾಗಾಗಿ ಖರ್ಚು ಹಲವು ಪಟ್ಟು. ಕಣವನ್ನೆಲ್ಲ ಅದರಲ್ಲಿ ಹಾಕುವ ಬದಲು, ಮೇಲ್ಮೈಯ ಒಂದು ಚೂರನ್ನು ಮಾತ್ರ ತೆಗೆದುಕೊಳ್ಳಿ. ಕ್ಯಾಲ್ಸಿಯಂ, ಗಂಧಕ ಎರಡಕ್ಕೂ ಹೊಂದಿಸಿದ ನಿಯತಾಂಕಗಳೇ ಇವೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಬೇರೆ ಕೆಲಸಕ್ಕೆ ಹೊಂದಿಸಿದ್ದನ್ನು ಇಲ್ಲಿ ತಂದರೆ ಆಗದ ಕ್ರಿಯೆಯೂ ಆದಂತೆ ಕಾಣುತ್ತದೆ.

ಪ್ರಶ್ನೆ: ನಮ್ಮ ಟ್ರಾಲ್ ಬೋಟಿನ ಎಂಜಿನ್ ಆಯಿಲ್ ಹಾಲಿನ ಹಾಗೆ ಬೆಳ್ಳಗಾಗಿದೆ. ಫಿಲ್ಟರ್ ಬಿಚ್ಚಿದರೆ ಬಿಳಿ ಮುಲಾಮಿನಂಥದ್ದು ಅಂಟಿಕೊಂಡಿದೆ. ಎರಡು ದಿನ ಡ್ರಮ್ಮಿನಲ್ಲಿಟ್ಟು ತಳದ ನೀರು ಬಸಿದರೆ ಮೇಲಿನ ಆಯಿಲ್ ಮತ್ತೆ ಹಾಕಬಹುದಾ? (ಮಲ್ಪೆ)

ಉತ್ತರ: ಬೇಡ. ದುಬಾರಿ ಆಯಿಲ್ ಚೆಲ್ಲಲು ಮನಸ್ಸು ಬಾರದು, ನಿಜ. ಆದರೆ ನೀರು ಬಸಿದ ಮಾತ್ರಕ್ಕೆ ಹಾಳಾದ ಕಣ ಮೊದಲಿನಂತಾಗುವುದಿಲ್ಲ.

ಮೇಲಿನ ಉತ್ತರದಲ್ಲಿ ಹೇಳಿದ ಸುಣ್ಣದ ಕಣ ನಿಮ್ಮ ಆಯಿಲ್‌ನಲ್ಲೂ ಇದೆ. ಆಮ್ಲವನ್ನು ಕೊಲ್ಲುವುದು ಅದೇ. ಕಂಪ್ಯೂಟರಿನಲ್ಲಿ ಅದೇ 12 ನ್ಯಾನೊಮೀಟರ್ ಬಾಕ್ಸಿಗೆ 0.2 ಶೇಕಡಾ ನೀರು ಹಾಕುವುದೆಂದರೆ ಸುಮಾರು 100 ನೀರಿನ ಅಣು. ಅವು ಎಣ್ಣೆಯಲ್ಲಿ ಉಳಿಯದೆ ಹೊದಿಕೆ ದಾಟಿ ತಿರುಳಿಗೂ ಸಲ್ಫೊನೇಟಿನ ತಲೆಗೂ ನಡುವೆ ಹೋಗಿ ಕೂರುತ್ತವೆ. ತಲೆಯ ಹಿಡಿತ ಸಡಿಲವಾಗುತ್ತದೆ. ಅಸ್ಫಟಿಕ ಕಾರ್ಬೊನೇಟಿಗೆ ನೀರು ಸಿಕ್ಕರೆ ಅದು ನಿಧಾನವಾಗಿ ಕ್ಯಾಲ್ಸೈಟ್ ಹರಳಾಗುತ್ತದೆ, ಕಣಗಳು ಒಂದಕ್ಕೊಂದು ಅಂಟಿ ದೊಡ್ಡದಾಗುತ್ತವೆ. ಹರಳಾಗುವಷ್ಟು ಹೊತ್ತು ಯಾವ ಸಿಮ್ಯುಲೇಶನ್ನೂ ಓಡಲಾರದು, ಆದರೆ ಕಾರ್ಖಾನೆಯಲ್ಲಿ ಇದು ದಿನಾ ನಡೆಯುವ ಕೆಲಸ: ಕ್ಯಾಲ್ಸಿಯಂ ಸಲ್ಫೊನೇಟ್ ಗ್ರೀಸ್ ಮಾಡುವವರು ಇದೇ ಡಿಟರ್ಜೆಂಟಿಗೆ ಬೇಕೆಂದೇ ನೀರು ಮತ್ತು ಅಸಿಟಿಕ್ ಆಮ್ಲ ಸೇರಿಸಿ, ಕಾಯಿಸಿ, ಗಟ್ಟಿ ಮಾಡುತ್ತಾರೆ. ನಿಮ್ಮ ಫಿಲ್ಟರಿನ ಮುಲಾಮಿನಲ್ಲಿ ನೀರು ಮತ್ತು ಆಯಿಲ್ ಕಡೆದ ಕೆನೆಯ ಜೊತೆ ಇಂಥ ಗಟ್ಟಿಯಾದ ಡಿಟರ್ಜೆಂಟೂ ಇರುವ ಸಾಧ್ಯತೆ ಹೆಚ್ಚು. ಬಸಿದ ಆಯಿಲ್ ನೋಡಲು ತಿಳಿಯಾಗಿದ್ದರೂ ಆಮ್ಲ ತಡೆಯುವ ಶಕ್ತಿ ಫಿಲ್ಟರಿನಲ್ಲೂ ಡ್ರಮ್ಮಿನ ತಳದಲ್ಲೂ ಉಳಿದುಹೋಗಿರುತ್ತದೆ.

ನೀರು ಎಲ್ಲಿಂದ ಬಂತೆಂದು ಹುಡುಕದೆ ಹೊಸ ಆಯಿಲ್ ಹಾಕಬೇಡಿ. ಆಯಿಲ್ ಕೂಲರಿನ ನಳಿಗೆ, ಹೆಡ್ ಗ್ಯಾಸ್ಕೆಟ್, ನೀರು ಹಾಯುವ ಎಕ್ಸಾಸ್ಟ್‌ನಿಂದ ಹಿಂದಕ್ಕೆ ಬರುವ ನೀರು, ಈ ಮೂರನ್ನು ಮೊದಲು ನೋಡಿ. ಲ್ಯಾಬಿಗೆ ಮಾದರಿ ಕಳಿಸಿದರೆ ಸೋಡಿಯಂ ಮತ್ತು ಮೆಗ್ನೀಸಿಯಂ ಎರಡೂ ಕೇಳಿ. ಸಮುದ್ರದ ನೀರಿನಲ್ಲಿ ಇವು ಸುಮಾರು ಎಂಟಕ್ಕೆ ಒಂದರ ಪ್ರಮಾಣದಲ್ಲಿರುತ್ತವೆ. ಸೋಡಿಯಂ ಮಾತ್ರ ಏರಿದ್ದರೆ ಕೂಲಂಟ್ ಸೋರಿಕೆ ಇರಬಹುದು. ಹೊಸ ಆಯಿಲ್‌ನಲ್ಲೇ ಮೆಗ್ನೀಸಿಯಂ ಡಿಟರ್ಜೆಂಟ್ ಇದ್ದರೆ ಈ ಲೆಕ್ಕ ತಪ್ಪುತ್ತದೆ, ಹೊಸ ಡಬ್ಬಿಯದೊಂದು ಮಾದರಿಯನ್ನೂ ಜೊತೆಗೆ ಕಳಿಸಿ. ದಕ್ಕೆಯಲ್ಲೇ ನೋಡಬೇಕೆಂದರೆ 150 ಡಿಗ್ರಿ ಆಸುಪಾಸಿನ ಕಾದ ತಟ್ಟೆಯ ಮೇಲೆ ಒಂದು ಹನಿ ಬಿಡಿ, ಕಣ್ಣಿಗೆ ಕನ್ನಡಕ ಇರಲಿ. ಸಣ್ಣ ಗುಳ್ಳೆ ಎದ್ದು ಆರಿದರೆ ಸ್ವಲ್ಪ ನೀರು, ಚಟಪಟ ಸಿಡಿದರೆ ಹೆಚ್ಚು.

ಸೋರಿಕೆ ಸರಿಮಾಡಿದ ಮೇಲೆ ಬಿಸಿಯಿರುವಾಗಲೇ ಹಳೆಯದನ್ನು ಪೂರ್ತಿ ಇಳಿಸಿ, ಫಿಲ್ಟರ್ ಬದಲಿಸಿ, ಅದೇ ಗ್ರೇಡಿನ ಕಡಿಮೆ ಬೆಲೆಯ ಆಯಿಲ್ ಹಾಕಿ ಅರ್ಧ ಗಂಟೆ ಲೋಡ್ ಇಲ್ಲದೆ ಓಡಿಸಿ, ಅದನ್ನೂ ಇಳಿಸಿ. ಬಿಳಿ ಛಾಯೆ ಉಳಿದಿದ್ದರೆ ಇನ್ನೊಮ್ಮೆ. ಆಮೇಲೆಯೇ ಹೊಸ ಫಿಲ್ಟರ್, ಹೊಸ ಆಯಿಲ್. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ರಜೆಗೆ ಬೋಟು ಕಟ್ಟುವ ಮುಂಚೆಯೇ ಆಯಿಲ್ ಬದಲಿಸಿ, ಆಗಸ್ಟಿನಲ್ಲಿ ಕಡಲಿಗಿಳಿಯುವಾಗ ಅಲ್ಲ. ಹಳೆ ಆಯಿಲ್‌ನ ಆಮ್ಲ ಮತ್ತು ಮಳೆಗಾಲದ ತೇವ ಸೇರಿ 61 ದಿನ ಬೇರಿಂಗ್ ಮೇಲೆ ಕೂತಿರುವುದು ಓಡುವ ಎಂಜಿನಿಗಿಂತ ಹೆಚ್ಚು ಕೆಡಿಸುತ್ತದೆ.

ಪ್ರಶ್ನೆ: ಟಿಬಿಎನ್ ಏರಿಸುವ "ನ್ಯಾನೊ ಬೂಸ್ಟರ್" ಬಾಟಲಿಯನ್ನು ಬಿಎಸ್-6 ಲಾರಿಗಳ ಆಯಿಲ್‌ಗೆ ಸೇರಿಸಿ ಎಂದು ಗಿರಾಕಿಗಳು ಕೇಳುತ್ತಾರೆ. ಹಾಕಬಹುದೇ? (ಗ್ಯಾರೇಜು, ಬೈಕಂಪಾಡಿ)

ಉತ್ತರ: ಹಾಕಬೇಡಿ. ಟಿಬಿಎನ್ 10 ಇಡಿಯಾಗಿ ಕ್ಯಾಲ್ಸಿಯಂ ಕಾರ್ಬೊನೇಟಿನಿಂದಲೇ ಬಂದರೆ ಆಯಿಲ್‌ನಲ್ಲಿ 0.36 ಶೇಕಡಾ ಕ್ಯಾಲ್ಸಿಯಂ ಇರುತ್ತದೆ. ಅದು ಸುಟ್ಟು ಸಲ್ಫೇಟ್ ಆದಾಗ ಬೂದಿ 1.2 ಶೇಕಡಾ. ಇಂಥ ಡೀಸೆಲ್ ಲಾರಿಗಳಿಗೆ ಹಾಕುವ ಸಿಕೆ-4 ದರ್ಜೆಯ ಆಯಿಲ್‌ಗೆ ಬೂದಿಯ ಮಿತಿ 1.0 ಶೇಕಡಾ. ಆಯಿಲ್ ತಯಾರಿಸುವವರು ಬೂದಿಯಾಗದ ಅಮೈನುಗಳಿಂದ ಸ್ವಲ್ಪ ಟಿಬಿಎನ್ ತುಂಬಿಸಿ, ಕ್ಯಾಲ್ಸಿಯಂ ಇಳಿಸಿ, ಮಿತಿಯೊಳಗೆ ಕೂರಿಸಿರುತ್ತಾರೆ. ನಿಮ್ಮ ಬಾಟಲಿ ಆ ಲೆಕ್ಕವನ್ನು ಕೆಡಿಸುತ್ತದೆ. ಮಸಿಯನ್ನು ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ತಾನೇ ಸುಟ್ಟುಕೊಳ್ಳುತ್ತದೆ, ಬೂದಿಯನ್ನು ಸುಡಲಾರದು. ಅದು ಕಟ್ಟಿಕೊಂಡೇ ಇರುತ್ತದೆ, ಬಿಚ್ಚಿ ತೊಳೆಯಿಸುವವರೆಗೆ.

ಅಷ್ಟೊಂದು ಕ್ಷಾರದ ಅಗತ್ಯವೂ ಈಗಿಲ್ಲ. 2020ರ ಏಪ್ರಿಲ್ 1ರಿಂದ ಡೀಸೆಲಿನ ಗಂಧಕ 10 ಪಿಪಿಎಂಗೆ ಇಳಿದಿದೆ, ಅದಕ್ಕೂ ಮುಂಚಿನ ಬಿಎಸ್-4ರಲ್ಲಿ 50 ಇತ್ತು. ಟರ್ಬೊ ಇರುವ ಹೊಸ ಪೆಟ್ರೋಲ್ ಕಾರಿಗಂತೂ ಹೆಚ್ಚುವರಿ ಕ್ಯಾಲ್ಸಿಯಂ ನೇರ ಹಾನಿ: ಕಡಿಮೆ ವೇಗ, ಹೆಚ್ಚು ಲೋಡಿನಲ್ಲಿ ಕಿಡಿ ಹಾರುವ ಮೊದಲೇ ಇಂಧನ ಹೊತ್ತಿಕೊಂಡು ಪಿಸ್ಟನ್ ಒಡೆಯಬಹುದು. ಅಂಥ ಆಯಿಲ್‌ಗಳಲ್ಲಿ ಕ್ಯಾಲ್ಸಿಯಂನ ಒಂದು ಪಾಲನ್ನು ಮೆಗ್ನೀಸಿಯಂಗೆ ಬದಲಿಸಿರುವುದು ಅದಕ್ಕಾಗಿಯೇ. ಗಿರಾಕಿ ಬಿಡದೆ ಕೇಳಿದರೆ, ಬಾಟಲಿಯ ದುಡ್ಡಿನಲ್ಲಿ ಬಳಸಿದ ಆಯಿಲ್‌ನ ಟಿಬಿಎನ್ ಪರೀಕ್ಷೆ ಮಾಡಿಸಿ ಕೊಡಿ. ಹೊಸದರ ಅರ್ಧಕ್ಕೆ ಇಳಿದಿದ್ದರೆ ಬದಲಿಸುವ ಹೊತ್ತು. ಹೊಸದಕ್ಕೂ ಹಳೆಯದಕ್ಕೂ ಒಂದೇ ವಿಧಾನದಲ್ಲಿ ಪರೀಕ್ಷೆ ಆಗಿರಲಿ. ಡಿ2896 ವಿಧಾನ ದುರ್ಬಲ ಕ್ಷಾರಗಳನ್ನೂ ಎಣಿಸುವುದರಿಂದ ಇನ್ನೊಂದು ವಿಧಾನವಾದ ಡಿ4739ಕ್ಕಿಂತ ಹೆಚ್ಚು ತೋರಿಸುತ್ತದೆ.