ಓದುಗರ ಪ್ರಶ್ನೆಗೆ ಉತ್ತರ: ಕೊಲೆಯ ತನಿಖೆಯೂ ಮೊಬೈಲಿನ ಪತ್ತೇದಾರಿಕೆಯೂ

ಪ್ರಶ್ನೆ: ನನ್ನ ಮಗ ಮಂಗಳೂರಿನಲ್ಲಿ ಪದವಿ ಓದುತ್ತಿದ್ದಾನೆ. ಪ್ಲಸ್ ಟು ಓದುತ್ತಿದ್ದ ಕಾಲದಿಂದಲೂ ಅಮೆರಿಕದ ಐಡಹೊ ರಾಜ್ಯದಲ್ಲಿ ನಡೆದ ನಾಲ್ವರು ವಿದ್ಯಾರ್ಥಿಗಳ ಕೊಲೆಯ ಬಗ್ಗೆ ವೀಡಿಯೊಗಳನ್ನು ನೋಡುತ್ತ, ಕೊಂದವರು ಯಾರಿರಬಹುದೆಂದು ಗೆಳೆಯರ ಗುಂಪಿನಲ್ಲಿ ಚರ್ಚಿಸುತ್ತಿದ್ದ. ಈಗ ಅದೇ ಗುಂಪು ನಮ್ಮ ಕಡೆ ತನಿಖೆ ನಡೆಯುತ್ತಿರುವ ಒಂದು ಕೊಲೆ ಪ್ರಕರಣಕ್ಕೆ ಕೈಹಾಕಿದೆ. ಸಾವಿರಾರು ಜನ ಸೇರಿ ಯೋಚಿಸಿದರೆ ಪೊಲೀಸರಿಗೆ ಕಾಣದ್ದು ಕಾಣುತ್ತದೆ ಎಂಬುದು ಅವನ ವಾದ. ಅವನಿಗೆ ಏನು ಹೇಳಲಿ?
– ತಾಯಿಯೊಬ್ಬರು, ಬದಿಯಡ್ಕ

ಉತ್ತರ: ತಮ್ಮ ಮಗ ಇಷ್ಟು ಕಾಲ ಹಿಂಬಾಲಿಸಿದ ಪ್ರಕರಣದಲ್ಲಿಯೇ ಅವನ ವಾದಕ್ಕೆ ಉತ್ತರವಿದೆ. 2022ರ ನವೆಂಬರ್ 13ರ ನಸುಕಿನಲ್ಲಿ ಐಡಹೊದ ಮಾಸ್ಕೋ ಎಂಬ ಪಟ್ಟಣದ ಬಾಡಿಗೆ ಮನೆಯೊಂದರಲ್ಲಿ ಆ ನಾಲ್ವರು ಇರಿತಕ್ಕೆ ಬಲಿಯಾದರು. ಡಿಸೆಂಬರ್ 30ರವರೆಗೆ ಯಾರ ಬಂಧನವೂ ಆಗಲಿಲ್ಲ. ಆ ವಾರಗಳಲ್ಲಿ ಬದುಕುಳಿದ ಮನೆವಾಸಿಗಳು, ಮೃತಳೊಬ್ಬಳ ಹಿಂದಿನ ಗೆಳೆಯ, ನೆರೆಯವನು, ಆ ರಾತ್ರಿ ತಿಂಡಿ ಗಾಡಿಯ ಕ್ಯಾಮೆರಾದಲ್ಲಿ ಕಂಡ ಯುವಕ, ಹೀಗೆ ಒಬ್ಬರಾದ ಮೇಲೆ ಒಬ್ಬರನ್ನು ಜಗತ್ತಿನ ಮೂಲೆಮೂಲೆಯ ಜನ ಕೊಲೆಗಾರರೆಂದು ತೀರ್ಮಾನಿಸಿದರು. ಗಾಳಿಸುದ್ದಿಗಳನ್ನು ಅಲ್ಲಗಳೆಯುವುದಕ್ಕೆಂದೇ ಅಲ್ಲಿನ ಪೊಲೀಸರು ಮತ್ತೆ ಮತ್ತೆ ಪ್ರಕಟಣೆ ಹೊರಡಿಸಬೇಕಾಯಿತು. ಸತ್ತ ವಿದ್ಯಾರ್ಥಿಗಳ ಪರಿಚಯವೇ ಇಲ್ಲದ ಒಬ್ಬ ಪ್ರಾಧ್ಯಾಪಕಿ ಈ ಕೊಲೆ ಮಾಡಿಸಿದರೆಂದು ಟ್ಯಾರೋ ಕಾರ್ಡುಗಳ ಬಲದಿಂದ ಒಬ್ಬಾಕೆ ಟಿಕ್‌ಟಾಕ್‌ನಲ್ಲಿ ಸಾರಿದಳು. ಲಕ್ಷಾಂತರ ಜನ ಅದನ್ನು ನೋಡಿದರು. ಪ್ರಾಧ್ಯಾಪಕಿ ದಾವೆ ಹೂಡಿದರು, ಮತ್ತು ಆ ಮಾತುಗಳು ಮಾನಹಾನಿಕರವೆಂದು 2024ರಲ್ಲಿ ಫೆಡರಲ್ ನ್ಯಾಯಾಲಯ ಹೇಳಿತು.

ಪ್ರಕರಣವನ್ನು ಬಿಡಿಸಿದ ಎಳೆಗಳಾದರೋ ಬೇರೆ. ಮೃತದೇಹದ ಪಕ್ಕದಲ್ಲಿ ಬಿದ್ದಿದ್ದ ಚಾಕುವಿನ ಒರೆಯಲ್ಲಿ ಸಿಕ್ಕಿದ ಡಿಎನ್ಎ, ದಾರಿಯ ಕ್ಯಾಮೆರಾಗಳಲ್ಲಿ ಕಂಡ ಬಿಳಿ ಹ್ಯುಂಡೈ ಇಲಾಂಟ್ರಾ ಕಾರು, ಮೊಬೈಲ್ ಟವರಿನ ದಾಖಲೆ. ಅಂಥ ಕಾರಿನ ಮಾಹಿತಿಯಿದ್ದರೆ ಕೊಡಿರೆಂದು ಡಿಸೆಂಬರ್ 7ರಂದು ಪೊಲೀಸರು ಜನರನ್ನು ಕೇಳಿದ್ದು ನಿಜ. ಆದರೆ ಪಕ್ಕದ ರಾಜ್ಯದ ವಿಶ್ವವಿದ್ಯಾಲಯದ ಪೊಲೀಸರು ತಮ್ಮಲ್ಲಿ ನೋಂದಣಿಯಾದ ವಾಹನಗಳ ನಡುವೆ ಆ ಕಾರನ್ನು ನವೆಂಬರ್ 29ರಂದೇ ಗುರುತಿಸಿದ್ದರು. ಈ ಯಾವ ಎಳೆಯೂ ಹೊರಗಿನವರ ಕೈಗೆಟುಕುವಂಥದಾಗಿರಲಿಲ್ಲ. ತಮ್ಮ ಮಗನ ಗುಂಪಿನಲ್ಲಿ ಎಷ್ಟೇ ಬುದ್ಧಿವಂತರಿದ್ದರೂ ಅವರ ಮುಂದಿರುವುದು ತನಿಖಾಧಿಕಾರಿ ಹೊರಗೆ ಬಿಟ್ಟಷ್ಟು ಮಾತ್ರ. ಸಾವಿರ ಜನ ಸೇರಿದರೂ ಅದು ಹೆಚ್ಚುವುದಿಲ್ಲ. ಅಪರಾಧಿಯೊಬ್ಬನಿಗೆ ಮಾತ್ರ ಗೊತ್ತಿರಬಹುದಾದ ವಿವರಗಳನ್ನು ಅಧಿಕಾರಿ ಬೇಕೆಂದೇ ಬಚ್ಚಿಡುತ್ತಾನೆ, ಏಕೆಂದರೆ ಮುಂದೆ ಯಾರಾದರೂ ಏನನ್ನಾದರೂ ಒಪ್ಪಿಕೊಂಡಾಗ ಅದರ ನಿಜ ಸುಳ್ಳನ್ನು ಒರೆಗೆ ಹಚ್ಚುವುದಕ್ಕೆ ಅವೇ ಬೇಕು.

ಊಹೆಯಿಂದ ನಿರಪರಾಧಿಯ ಮಾನ ಹೋಗುತ್ತದೆ ಎಂಬುದನ್ನು ಎಲ್ಲರೂ ಬಲ್ಲರು. ಅಷ್ಟೇ ದೊಡ್ಡದಾದ, ಆದರೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಇನ್ನೊಂದು ಹಾನಿಯಿದೆ: ಊಹೆ ಒಂದು ವೇಳೆ ಸರಿಯಾಗಿದ್ದರೂ ಅದು ಸಾಕ್ಷ್ಯವನ್ನು ಕೆಡಿಸುತ್ತದೆ. ರಾತ್ರಿ ಹೊತ್ತು ಓಡಿಹೋದ ಅಪರಿಚಿತನನ್ನು ಕಂಡ ಸಾಕ್ಷಿಯೊಬ್ಬರಿದ್ದರೆ, ಬಂಧನದ ಬಳಿಕ ಮ್ಯಾಜಿಸ್ಟ್ರೇಟರ ಎದುರು ಗುರುತು ಪರೇಡ್ ನಡೆಸಿ, ಹೋಲಿಕೆಯುಳ್ಳ ಹಲವರ ನಡುವೆ ಆರೋಪಿಯನ್ನು ನಿಲ್ಲಿಸಿ, ಸಾಕ್ಷಿಯಿಂದ ಗುರುತಿಸಲು ಹೇಳುತ್ತಾರೆ. ಆ ಮುಖ ಅಷ್ಟರಲ್ಲೇ ಊರಿನ ಎಲ್ಲರ ಮೊಬೈಲಿಗೂ ಬಂದಿದ್ದರೆ, ಆ ಗುರುತಿಸುವಿಕೆಗೆ ಏನು ಬೆಲೆ? ಪಾಟೀಸವಾಲಿನಲ್ಲಿ ಆರೋಪಿಯ ವಕೀಲರು ಕೇಳುವ ಮೊದಲ ಪ್ರಶ್ನೆಯೇ ಅದು, ಮತ್ತು ಆ ಸಂಶಯದ ಲಾಭ ಆರೋಪಿಗೆ ಸಲ್ಲುವುದು ನ್ಯಾಯವೂ ಹೌದು. ಸಾಕ್ಷಿ ಸುಳ್ಳು ಹೇಳುತ್ತಿದ್ದಾರೆಂದಲ್ಲ. ಹತ್ತು ಸಲ ನೋಡಿದ ವೀಡಿಯೊದ ಮುಖ ಯಾವುದು, ಅಂದು ಕಂಡ ಮುಖ ಯಾವುದು ಎಂದು ಅವರಿಗೇ ತಿಳಿಯದಂತಾಗಿರುತ್ತದೆ. ಐಡಹೊದಲ್ಲಂತೂ ಪ್ರಚಾರದ ಅಬ್ಬರ ಎಷ್ಟಿತ್ತೆಂದರೆ, ನಿಷ್ಪಕ್ಷಪಾತ ಜ್ಯೂರಿ, ಅಂದರೆ ತೀರ್ಪು ಹೇಳುವ ಸಾಮಾನ್ಯ ನಾಗರಿಕರ ಮಂಡಳಿ, ಸಿಗದೆಂದು 2024ರಲ್ಲಿ ವಿಚಾರಣೆಯನ್ನೇ ಬಾಯ್ಸಿ ನಗರಕ್ಕೆ ವರ್ಗಾಯಿಸಿದರು. ಆರೋಪಿ ತಪ್ಪೊಪ್ಪಿಕೊಂಡದ್ದು 2025ರ ಜುಲೈಯಲ್ಲಿ.

‘ಆರೋಪಿ ಪೊಲೀಸರ ಮುಂದೆ ಎಲ್ಲ ಒಪ್ಪಿಕೊಂಡ’ ಎಂಬ ಸುದ್ದಿಯ ಮೇಲೆ ಕಟ್ಟಿದ ವಾದಗಳಿಗೂ ನೆಲೆಯಿಲ್ಲ. ಪೊಲೀಸರೆದುರು ಮಾಡಿದ ತಪ್ಪೊಪ್ಪಿಗೆಯನ್ನು ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯ ಕಲಮು ಆರೋಪಿಯ ವಿರುದ್ಧ ರುಜುಪಡಿಸಲು ಬಿಡುವುದಿಲ್ಲ. ಅದರಿಂದ ವಸ್ತುವೊಂದು ಪತ್ತೆಯಾದರೆ ಆ ಪತ್ತೆಗೆ ನೇರವಾಗಿ ಸಂಬಂಧಿಸಿದಷ್ಟು ಮಾತು ಮಾತ್ರ ನಿಲ್ಲುತ್ತದೆ. ಇನ್ನು ಮೊದಲ ದಿನದ ತೀರ್ಮಾನಗಳ ಗತಿ ನೋಯ್ಡಾದಲ್ಲಿ ಏನಾಯಿತೆಂಬುದನ್ನು ಅವನಿಗೆ ಹೇಳಿ. 2008ರ ಮೇ 16ರಂದು ಆರುಷಿ ಎಂಬ ಬಾಲಕಿಯ ಶವ ಸಿಕ್ಕಾಗ, ಕಾಣೆಯಾಗಿದ್ದ ಮನೆಗೆಲಸದವನೇ ಕೊಲೆಗಾರನೆಂದು ಪೊಲೀಸರೂ ಟಿವಿಯವರೂ ಒಕ್ಕೊರಲಿನಿಂದ ಹೇಳಿದರು. ಮರುದಿನ ಆತನ ಶವ ಅದೇ ಮನೆಯ ತಾರಸಿಯ ಮೇಲೆ ಸಿಕ್ಕಿತು.

ಹಾಗಾದರೆ ಪೊಲೀಸರು ಉದಾಸೀನ ಮಾಡಿದಾಗಲೂ ಸುಮ್ಮನಿರಬೇಕೆ ಎಂದು ಅವನು ಕೇಳಬಹುದು, ಕೇಳಬೇಕಾದ ಮಾತೇ. ನಮ್ಮ ಕಾಸರಗೋಡು ಜಿಲ್ಲೆಯ ಪೆರಿಯದಲ್ಲಿ 2019ರ ಫೆಬ್ರವರಿ 17ರಂದು ಯುವ ಕಾಂಗ್ರೆಸ್ಸಿನ ಇಬ್ಬರು ಕಾರ್ಯಕರ್ತರ ಕೊಲೆಯಾದಾಗ, ರಾಜ್ಯ ಪೊಲೀಸರ ತನಿಖೆಯಲ್ಲಿ ವಿಶ್ವಾಸವಿಲ್ಲದ ಹೆತ್ತವರು ಹೈಕೋರ್ಟಿಗೆ ಹೋದರು. ತನಿಖೆ ಸಿಬಿಐಗೆ ಹೋಯಿತು. ಸರ್ಕಾರದ ಮೇಲ್ಮನವಿ ಸುಪ್ರೀಂ ಕೋರ್ಟಿನಲ್ಲಿಯೂ ನಿಲ್ಲಲಿಲ್ಲ. 2024ರ ಡಿಸೆಂಬರಿನಲ್ಲಿ ಕೊಚ್ಚಿಯ ಸಿಬಿಐ ನ್ಯಾಯಾಲಯ 24 ಆರೋಪಿಗಳಲ್ಲಿ 14 ಮಂದಿಯನ್ನು ತಪ್ಪಿತಸ್ಥರೆಂದಿತು, 10 ಮಂದಿಯನ್ನು ಖುಲಾಸೆ ಮಾಡಿತು. ಆ ಹೆತ್ತವರ ಹಟವನ್ನು ನಾನು ಗೌರವಿಸುತ್ತೇನೆ. ಅವರು ಕೇಳಿದ್ದು ಒಳ್ಳೆಯ ತನಿಖೆಯನ್ನು, ಮತ್ತು ಕೇಳಿದ್ದು ಅದನ್ನು ಕೊಡಿಸಬಲ್ಲವರ ಬಳಿ. ಅಪರಾಧಿ ಯಾರೆಂದು ಸಾರುವ ಅಧಿಕಾರ ನ್ಯಾಯಾಲಯದ್ದೇ ಹೊರತು ಮಾಧ್ಯಮದ್ದಲ್ಲವೆಂದು ಕೇರಳ ಹೈಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 7ರಂದು ಹೇಳಿದೆ. ಪತ್ರಿಕೆಗಳಿಗಿಲ್ಲದ ಅಧಿಕಾರ ವಾಟ್ಸಾಪ್ ಗುಂಪಿಗೆ ಎಲ್ಲಿಂದ ಬರಬೇಕು?

ಪ್ರಶ್ನೆ: ಘಟನೆ ನಡೆದ ರಾತ್ರಿ ರಸ್ತೆಯಲ್ಲಿ ಹೋದ ಒಂದು ವಾಹನ ನನ್ನ ಅಂಗಡಿಯ ಸಿಸಿಟಿವಿಯಲ್ಲಿ ಕಾಣುತ್ತದೆ. ಗುಂಪಿಗೆ ಹಾಕಿದರೆ ಯಾರಾದರೂ ಗುರುತಿಸುತ್ತಾರೆಂದು ಗೆಳೆಯರು ಒತ್ತಾಯಿಸುತ್ತಿದ್ದಾರೆ. ಏನು ಮಾಡಲಿ?
– ವ್ಯಾಪಾರಿ, ಕುಂಬಳೆ

ಉತ್ತರ: ಗುಂಪಿಗೆ ಹಾಕಬೇಡಿ, ಆದರೆ ತಡಮಾಡಲೂ ಬೇಡಿ. ಡಿವಿಆರ್ ಪೆಟ್ಟಿಗೆ ಹಾರ್ಡ್ ಡಿಸ್ಕ್ ತುಂಬಿದೊಡನೆ ಹಳೆಯ ದೃಶ್ಯಗಳ ಮೇಲೆ ಹೊಸತನ್ನು ದಾಖಲಿಸುತ್ತ ಹೋಗುತ್ತದೆ. ತಾವು ಯೋಚಿಸುತ್ತ ಕುಳಿತ ದಿನಗಳಲ್ಲಿ ಆ ರಾತ್ರಿ ಅಳಿಸಿಹೋದೀತು. ಇಂದೇ ಠಾಣೆಗೆ ಲಿಖಿತವಾಗಿ ತಿಳಿಸಿ. ಪತ್ರವನ್ನು ಕನ್ನಡದಲ್ಲಿಯೇ ಬರೆಯಬಹುದು, 1969ರ ಕೇರಳ ಆಡಳಿತ ಭಾಷಾ ಕಾನೂನು ಕನ್ನಡ ಅಲ್ಪಸಂಖ್ಯಾತರಿಗೆ ನಮ್ಮ ಕಡೆಯ ಸರ್ಕಾರಿ ಕಚೇರಿಗಳಲ್ಲಿ ಆ ಹಕ್ಕನ್ನು ಕೊಟ್ಟಿದೆ. ಡಿವಿಆರ್‌ನ ಗಡಿಯಾರ ಹಿಂದೆ ಮುಂದೆ ಇದ್ದರೆ ಸರಿಪಡಿಸದೆ, ಎಷ್ಟು ನಿಮಿಷದ ವ್ಯತ್ಯಾಸವೆಂದು ಪತ್ರದಲ್ಲಿ ನಮೂದಿಸಿ. ಪರದೆಯ ಮೇಲೆ ಓಡುವ ದೃಶ್ಯವನ್ನು ಮೊಬೈಲಿನಿಂದ ಚಿತ್ರೀಕರಿಸಿ ಕೊಟ್ಟರೆ ಸಾಲದು. ವಾಟ್ಸಾಪಿನಲ್ಲಿ ಕಳಿಸಿದ ಪ್ರತಿಯಲ್ಲಿ ಸ್ಪಷ್ಟತೆ ಇಳಿಯುತ್ತದೆ, ಮೂಲ ಕಡತದ ವಿವರಗಳೂ ಉಳಿಯುವುದಿಲ್ಲ. ನ್ಯಾಯಾಲಯ ಕೇಳುವುದು ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರವನ್ನು. ಅದರ ಒಂದು ಭಾಗಕ್ಕೆ ಸಾಧನದ ಹೊಣೆ ಹೊತ್ತ ತಾವು, ಇನ್ನೊಂದಕ್ಕೆ ತಜ್ಞರು ಸಹಿ ಹಾಕಬೇಕು. ಕಡತ ಬದಲಾಗಿಲ್ಲವೆಂದು ತೋರಿಸುವ ಹ್ಯಾಶ್ ಸಂಖ್ಯೆಯನ್ನು ಅದರಲ್ಲಿ ಬರೆಯುತ್ತಾರೆ. ಪೆಟ್ಟಿಗೆಯನ್ನು ಒಯ್ದರೆ ಮಹಜರಿನ ಪ್ರತಿಯನ್ನು ಕೇಳಿ ಪಡೆಯಿರಿ. ಆ ವಾಹನದಲ್ಲಿ ಆಸ್ಪತ್ರೆಗೆ ಹೊರಟ ಯಾರೋ ಇದ್ದಿರಲೂಬಹುದು ಎಂಬುದನ್ನು ಗೆಳೆಯರಿಗೆ ಹೇಳಿ.

ಪ್ರಶ್ನೆ: ನನ್ನ ಭಾವನನ್ನು ಪೊಲೀಸರು ವಿಚಾರಿಸಲು ಕರೆಸಿ ಅಂದೇ ಕಳುಹಿಸಿದರು. ಅವರು ಠಾಣೆಯಿಂದ ಹೊರಬರುವ ಚಿತ್ರ ‘ಕೊಲೆಗಾರ’ ಎಂಬ ಬರಹದೊಡನೆ ಹರಿದಾಡುತ್ತಿದೆ. ದಾರಿಯೇನು?
– ಓದುಗರು, ಮಂಜೇಶ್ವರ

ಉತ್ತರ: ವಿಚಾರಣೆಗೆ ಕರೆಸುವುದೆಂದರೆ ಆರೋಪಿಯನ್ನಾಗಿಸುವುದಲ್ಲ, ವಿಷಯ ಬಲ್ಲ ಯಾರನ್ನೂ ಸಾಕ್ಷಿಯಾಗಿ ಕರೆಯಲು ನಾಗರಿಕ ಸುರಕ್ಷಾ ಸಂಹಿತೆಯ 179ನೆಯ ಕಲಮಿನಲ್ಲಿ ಅವಕಾಶವಿದೆ. ಸಂದೇಶ, ಕಳಿಸಿದವರ ಸಂಖ್ಯೆ, ಗುಂಪಿನ ಹೆಸರು, ದಿನಾಂಕ ಎಲ್ಲವೂ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ, ಮೂಲ ಸಂದೇಶವನ್ನು ಅಳಿಸಬೇಡಿ. ನ್ಯಾಯ ಸಂಹಿತೆಯ 356ನೆಯ ಕಲಮಿನ ಪ್ರಕಾರ ಮಾನಹಾನಿಗೆ ಎರಡು ವರ್ಷದವರೆಗೆ ಸಜೆ ಉಂಟು, ಫಾರ್ವರ್ಡ್ ಮಾಡಿದವರೂ ಹೊಣೆಯಿಂದ ತಪ್ಪಿಸಿಕೊಳ್ಳಲಾರರು. ಆದರೆ ಇದಕ್ಕೆ ಪೊಲೀಸರು ತಾವಾಗಿ ಎಫ್‌ಐಆರ್ ಹಾಕುವಂತಿಲ್ಲ. ನೊಂದವರೇ, ಅಂದರೆ ಭಾವನವರೇ, ವಕೀಲರ ಮೂಲಕ ಮ್ಯಾಜಿಸ್ಟ್ರೇಟರಿಗೆ ದೂರು ಸಲ್ಲಿಸಬೇಕು. ಮೂರು ವರ್ಷದ ಕಾಲಮಿತಿಯಿದೆ, ಚಿತ್ರವನ್ನು ತೆಗೆಸಲು ಸಿವಿಲ್ ನ್ಯಾಯಾಲಯದಿಂದ ತಡೆಯಾಜ್ಞೆಯನ್ನೂ ಕೇಳಬಹುದು. ಅವರು ಈ ಪ್ರಕರಣದ ಸಾಕ್ಷಿಯಾಗಿದ್ದು ಬೆದರಿಕೆಯೂ ಬರುತ್ತಿದ್ದರೆ, ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿದ ಸಾಕ್ಷಿ ಸಂರಕ್ಷಣಾ ಯೋಜನೆಯಂತೆ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಹಾಕಲು ಹಿಂಜರಿಯಬೇಡಿ, ಮತ್ತು ಅದರ ಪ್ರತಿಯೊಂದನ್ನು ತನಿಖಾಧಿಕಾರಿಗೂ ಕೊಡಿ.